ಅವಳಿಗೆ ಏನು ಬೇಕು?

ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಉದಯೋನ್ಮುಖ ಲೇಖಕಿಯಾದೆ. ನಗಬೇಡಿ, ಅರ್ಜಿಯ ಮೇಲೆ ಹಾಗೆಯೇ ಅಚ್ಚಾಗಿತ್ತು. ಇದುವರೆಗೆ ಯಾವ ಚಲನಚಿತ್ರಕ್ಕೂ ಚಿತ್ರಕಥೆ ಬರೆದಿರದವರೆಲ್ಲ ಉದಯೋನ್ಮುಖರು. ವಯಸ್ಸಿನ ಮಿತಿ ಇಲ್ಲ. ಮಂಡಿನೋವಿಗೆ ಎಣ್ಣೆ ತಿಕ್ಕಿಕೊಳ್ಳುವ ಕಾಲದಲ್ಲಿ ಉದಯಿಸುವುದು ಒಂದು ಥರಾ ಮಜವಾಗಿಯೇ ಇತ್ತು. ಜೊತೆಗೆ ಎಂ. ಕೆ. ಇಂದಿರಾ ಅವರನ್ನು ನೆನೆದು ಧೈರ್ಯ ತಂದುಕೊಂಡೆ. ಅವರು ಹುಟ್ಟಿದ್ದು 1917ರಲ್ಲಿ, ಮೊದಲ ಕಾದಂಬರಿ 'ತುಂಗಭದ್ರಾ' ಹೊರಬಂದದ್ದು 1963ರಲ್ಲಿ. ಶಾಲೆ ಕಂಡದ್ದು ಏಳೇ ವರ್ಷ. ಅವರ ಮುಂದೆ ನಾನು ಬಿ.ಎ. ಓದಿದವಳು, ಹತ್ತು ಹನ್ನೆರಡು ವರ್ಷ ತಡವಾದರೆ ಏನಾಯಿತು ಎಂದುಕೊಂಡೆ.

ಹೊಸಬರಿಗಾಗಿ ಚಿತ್ರಕಥಾ ಸ್ಪರ್ಧೆ ಎಂಬ ಪ್ರಕಟಣೆಯನ್ನು ಮಗಳು ಫೋನಿನಲ್ಲಿ ತೋರಿಸಿದಾಗ ನಾನು ಅದನ್ನು ಕಥಾಸ್ಪರ್ಧೆಯ ಅಕ್ಕನೋ ತಂಗಿಯೋ ಇರಬೇಕು ಎಂದು ತಿಳಿದಿದ್ದೆ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆ ನಮಗೆ ಗೊತ್ತಿರುವಂಥದ್ದೇ. ಕಥೆ ಬರೆ, ಹಾಳೆಯ ಒಂದೇ ಮಗ್ಗುಲಲ್ಲಿ ಅಂದವಾಗಿ ನಕಲು ಮಾಡು, ಅಂಚೆಗೆ ಹಾಕು, ಮರೆತುಬಿಡು. ಇಲ್ಲಿ ಹಾಗಲ್ಲ. ಮೊದಲು 'ಲಾಗ್‌ಲೈನ್' ಬೇಕು, ಅಂದರೆ ಇಡೀ ಸಿನಿಮಾವನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಆಮೇಲೆ ಒಂದು ಪುಟದ ಸಾರಾಂಶ. ಆಮೇಲೆ 90ರಿಂದ 120 ಪುಟದ ಪೂರ್ತಿ ಚಿತ್ರಕಥೆ. ಅದೂ ಹಳೆಯ ಟೈಪ್‌ರೈಟರಿನ ಅಕ್ಷರದಂತೆ ಕಾಣುವ 'ಕೊರಿಯರ್' ಎಂಬ ಅಚ್ಚಿನಲ್ಲೇ ಇರಬೇಕು. ಒಂದು ಪುಟಕ್ಕೆ ತೆರೆಯ ಮೇಲೆ ಒಂದು ನಿಮಿಷ ಎಂಬುದು ಲೆಕ್ಕ. ಪ್ರತಿ ದೃಶ್ಯದ ತಲೆಯ ಮೇಲೆ ಮನೆಯ ಒಳಗೋ ಹೊರಗೋ, ಯಾವ ಜಾಗ, ಹಗಲೋ ರಾತ್ರಿಯೋ ಎಂದು ಬರೆಯಬೇಕು. ಎಲ್ಲವೂ ವರ್ತಮಾನ ಕಾಲದಲ್ಲಿ. ಭೂತಕಾಲದಲ್ಲೇ ಬದುಕಿ ಅಭ್ಯಾಸವಾದ ನನಗೆ ಇದು ಮೊದಲ ಪೆಟ್ಟು.

ಎರಡನೆಯದು ಲಿಪಿ. ಸಂಭಾಷಣೆ ಕನ್ನಡದಲ್ಲಿರಬಹುದು, ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರಬೇಕು, ವಿವರಣೆಯಂತೂ ಇಂಗ್ಲಿಷಿನಲ್ಲೇ. ಓದುವ ತೀರ್ಪುಗಾರರಿಗೆ ಅನುಕೂಲ ಎಂದು ಕಾರಣ ಕೊಟ್ಟಿದ್ದರು. ನನ್ನ ಚಿತ್ರಕಥೆಯಲ್ಲಿ ಅತ್ತೆಯೊಬ್ಬಳು ಅಡಿಗೆಮನೆಯಿಂದ 'ಹಾಲಾಯ್ತಾ?' ಎಂದು ಕೇಳುತ್ತಾಳೆ. ಮಗಳು ಟೈಪ್ ಮಾಡಿದ ಮೇಲೆ ನೋಡಿದರೆ ಅದನ್ನು 'ಹಾಳಾಯ್ತಾ?' ಎಂದೂ ಓದಬಹುದು. ಲಕಾರ ಳಕಾರ ಎರಡಕ್ಕೂ ಒಂದೇ ಅಕ್ಷರ. ಒಂದು ಭಾಷೆಯ ಮಾತನ್ನು ಕಿವಿಯಿಂದ ಕೇಳಿಸಿಕೊಂಡು ಬರೆದವಳಿಗೆ ಇದು ಸಣ್ಣ ವಿಷಯವಲ್ಲ. ಆದರೂ ಒಪ್ಪಿದೆ. ಉದಯಿಸುವವರು ತಕರಾರು ಮಾಡಬಾರದಲ್ಲ. ಶಿವಾಜಿನಗರದ ಝೆರಾಕ್ಸ್ ಅಂಗಡಿಯಲ್ಲಿ ಮೂರು ಪ್ರತಿ ತೆಗೆಸಿ ಸ್ಪೈರಲ್ ಹಾಕಿಸಿದೆ. ಅಂಗಡಿಯ ಹುಡುಗ ತಂತಿ ಪೋಣಿಸುತ್ತಾ 'ಥೀಸಿಸ್ಸಾ ಆಂಟಿ?' ಎಂದ. ಹೌದು ಎಂದೆ. ಸಿನಿಮಾ ಎನ್ನಲು ಬಾಯಿ ಬರಲಿಲ್ಲ.

ನಾನು ಹಾಸನದ ಕಡೆಯಿಂದ ಮದುವೆಯಾಗಿ ಹಲಸೂರಿಗೆ ಬಂದದ್ದು 1988ರಲ್ಲಿ. ಹಲಸೂರು ಬೆಂಗಳೂರೇ ಆದರೂ ಸಿನಿಮಾದ ಮಟ್ಟಿಗೆ ಬೇರೆಯೇ ಊರು. ಎಂ.ಜಿ. ರಸ್ತೆಯ ಪ್ಲಾಜಾ, ಬ್ರಿಗೇಡ್ ರಸ್ತೆಯ ರೆಕ್ಸ್ ಎಂದರೆ ಇಂಗ್ಲಿಷ್. ಶಿವಾಜಿನಗರದ ಕಡೆಗೆ ಹೋದರೆ ಹಿಂದಿ, ತಮಿಳು. ಕನ್ನಡ ಸಿನಿಮಾ ಬೇಕೆಂದರೆ ಬಸ್ಸು ಹತ್ತಿ ಮೆಜೆಸ್ಟಿಕ್ಕಿಗೆ ಹೋಗಬೇಕು. ದಂಡಿನ ಪ್ರದೇಶದ ಹೆಂಗಸರು ಅಷ್ಟು ದೂರ ಯಾಕೆ ಹೋದಾರು? ಹಾಗಾಗಿ ನಮ್ಮ ಮನೆಯಲ್ಲಿ ಕನ್ನಡ ಸಿನಿಮಾ ಎಂದರೆ ಭಾನುವಾರದ ದೂರದರ್ಶನ. ಪ್ಲಾಜಾ ಮೆಟ್ರೊಗೆ ಜಾಗ ಬಿಟ್ಟುಕೊಟ್ಟಿತು, ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು, ಆ ದೂರದರ್ಶನದ ಪೆಟ್ಟಿಗೆಯೂ ಗುಜರಿಗೆ ಹೋಯಿತು. ಆದರೆ 'ಗೆಜ್ಜೆಪೂಜೆ', 'ಶರಪಂಜರ'ಗಳನ್ನು ನಾನು ನೋಡಿದ್ದು ಆ ನಡುಮನೆಯಲ್ಲೇ. ಎಲ್ಲರೂ ಚಾಪೆಯ ಮೇಲೆ, ಮಾವ ಕುರ್ಚಿಯ ಮೇಲೆ, ಅತ್ತಿಗೆ ಬಾಗಿಲ ಪಕ್ಕದಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಾ.

ಆ ಅತ್ತಿಗೆಯೇ ನನ್ನ ಚಿತ್ರಕಥೆಯ ನಾಯಕಿ. ನಮ್ಮ ಮನೆಯವರ ಅಕ್ಕ. ಇಪ್ಪತ್ತನೆಯ ವಯಸ್ಸಿಗೆ ಕೃಷ್ಣರಾಜಪುರದ ಹತ್ತಿರ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಗೆ ಸೇರಿದವರು. 1948ರಲ್ಲಿ ಶುರುವಾದ ಕಾರ್ಖಾನೆ ಅದು. ದೇಶದ ಎಷ್ಟೋ ಮನೆಗಳ ಕಪ್ಪು ಫೋನುಗಳು ಅಲ್ಲಿಂದ ಬಂದವು. ಸಾಲಾಗಿ ಕೂತು ಸಣ್ಣ ಸಣ್ಣ ಬಿಡಿಭಾಗ ಜೋಡಿಸುವ ಕೆಲಸದಲ್ಲಿ ಹೆಂಗಸರು ಬಹಳ ಇದ್ದರು. ಬೆಳಿಗ್ಗೆ ಹಳೇ ಮದರಾಸು ರಸ್ತೆಯಲ್ಲಿ ಕಂಪನಿ ಬಸ್ಸು, ಸಂಜೆ ಅದೇ ಬಸ್ಸು. ಮದುವೆ ಯಾಕೋ ಕೂಡಿ ಬರಲಿಲ್ಲ. ಸಂಬಳ ಮಾವನ ಕೈಗೆ. ಸ್ವಯಂ ನಿವೃತ್ತಿ ಪಡೆದ ಮೇಲೆ ಆ ಹಣವೂ ಮನೆಗೆ. ಇಷ್ಟು ವರ್ಷದಲ್ಲಿ ಅವರು ತಮಗಾಗಿ ಒಂದು ಸೀರೆ ಬೇಕೆಂದು ಕೇಳಿದ್ದನ್ನು ನಾನು ಕಾಣೆ. 'ನಿಮ್ಮ ಅತ್ತಿಗೆ ದೇವರಂಥವರು' ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ.

ಊರಿಗೆಲ್ಲ ಫೋನು ಜೋಡಿಸಿದವಳಿಗೆ ಒಂದು ಫೋನೂ ಬರಲಿಲ್ಲ. ಇದು ನನ್ನ ಲಾಗ್‌ಲೈನ್. ಬರೆದ ದಿನ ನನಗೆ ನನ್ನ ಮೇಲೇ ಪ್ರೀತಿ ಬಂದಿತ್ತು. ಹೆಸರು 'ದೂರವಾಣಿ' ಎಂದಿಟ್ಟೆ. ಮನೆಯವರು ಓದಿ, 'ಅಕ್ಕನ ವಿಚಾರ ಒಳ್ಳೇದಾಗಿ ಬರ್ದಿದೀಯ' ಎಂದರು. ಅತ್ತಿಗೆಗೆ ತೋರಿಸಲಿಲ್ಲ. ಅವರಿಗೆ ಇಂಗ್ಲಿಷ್ ಬಾರದಲ್ಲ ಎಂದು ನೆಪ ಹೇಳಿಕೊಂಡೆ.

ನಾಲ್ಕು ತಿಂಗಳಿಗೆ ಉತ್ತರ ಬಂತು. ಆಯ್ಕೆಯಾಗಿಲ್ಲ. ಜೊತೆಗೆ ಓದಿದವರ ಟಿಪ್ಪಣಿ, ಎರಡು ಸಾಲು. ವಾತಾವರಣ ಚೆನ್ನಾಗಿ ಬಂದಿದೆ, ಆದರೆ ನಾಯಕಿಗೆ ಏನು ಬೇಕು ಎಂಬುದು ಕೊನೆಯ ಪುಟದವರೆಗೂ ತಿಳಿಯುವುದಿಲ್ಲ.

ಸೋತದ್ದಕ್ಕಿಂತ ಆ ಎರಡನೆಯ ಸಾಲು ಉರಿಸಿತು. ಏನು ಬೇಕು ಅಂದರೆ? ಏನೂ ಬೇಡದ ಹೆಂಗಸರು ಇಲ್ಲವೇ? ನಮ್ಮ ಮನೆಗಳೆಲ್ಲ ನಿಂತಿರುವುದೇ ಅಂಥವರ ಹೆಗಲ ಮೇಲೆ. ಈ ಪ್ರಶ್ನೆಯನ್ನು ಯಾರೋ ಅಮೆರಿಕದವರು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ಇವರು ಉರು ಹೊಡೆದು ಕೇಳುತ್ತಿದ್ದಾರೆ ಎಂದು ಎರಡು ದಿನ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದೆ. ಮೂರನೆಯ ದಿನ, ನೋಡೇಬಿಡೋಣ ಎಂದು, ನನ್ನ ಪರವಾಗಿ ಸಾಕ್ಷಿ ಹೇಳುವ ಸಿನಿಮಾಗಳನ್ನು ಒಂದೊಂದಾಗಿ ಕರೆದೆ.

ಮೊದಲು 'ಗೆಜ್ಜೆಪೂಜೆ'. 1969ರ ಚಿತ್ರ, ಕಥೆ ಇಂದಿರಾ ಅವರದು. ಅಲ್ಲಿ ನಾಯಕಿ ಚಂದ್ರಾಗೆ ಏನು ಬೇಕು ಎಂಬುದರಲ್ಲಿ ಅನುಮಾನವೇ ಇಲ್ಲ. ಅವಳಿಗೆ ಗೆಜ್ಜೆ ಬೇಡ, ತಾಳಿ ಬೇಕು. ಪಕ್ಕದ ಮನೆಯವರ ಹಾಗೆ ಬಾಗಿಲಿಗೆ ರಂಗೋಲಿ ಹಾಕಿ ಮರ್ಯಾದೆಯಿಂದ ಬದುಕಬೇಕು. ಅದು ಸಿಗುವಂತೆ ಕಂಡು ಸಿಗದೆ ಹೋಗುವುದೇ ಸಿನಿಮಾ. ಕಲ್ಪನಾ ಅವರ ಕಣ್ಣಿನಲ್ಲಿ ಆ ಆಸೆ ಎಷ್ಟು ದೊಡ್ಡದಾಗಿ ಕಾಣುತ್ತದೆಂದರೆ, ಕೊನೆ ಏನಾಗುತ್ತದೆಂದು ಗೊತ್ತಿದ್ದೂ ನಾವು ಪ್ರತಿ ಸಲ ಈ ಸಲವಾದರೂ ಆಗಲಿ ಎಂದು ಕೂರುತ್ತೇವೆ. ಈ ಸಾಕ್ಷಿ ನನಗೇ ತಿರುಗಿಬಿತ್ತು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯುತ್ತೇನೆ, ಮನ್ನಿಸಿ. 'ಗೆಜ್ಜೆಪೂಜೆ'ಯ ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿ ಬಂತು, ಪುಟ್ಟಣ್ಣ ಕಣಗಾಲರಿಗೆ. ಅದು ಅವರಿಗೇ ಸಲ್ಲಬೇಕಾದದ್ದು. ಕಾದಂಬರಿಯೊಳಗಿನ ನೂರು ಮಾತನ್ನು ಒಂದು ನೋಟಕ್ಕೆ ಇಳಿಸುವ ಕೆಲಸ ಮಾಡಿದವರು ಅವರು. ಆದರೆ ಆ ಕಾಲದ ಸಿನಿಮಾಗಳ ಹೆಸರಿನ ಪಟ್ಟಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ತ್ರಿವೇಣಿಯವರ 'ಬೆಳ್ಳಿಮೋಡ', 'ಹಣ್ಣೆಲೆ ಚಿಗುರಿದಾಗ', 'ಶರಪಂಜರ'. ವಾಣಿಯವರ 'ಎರಡು ಕನಸು', 'ಶುಭಮಂಗಳ', 'ಹೊಸ ಬೆಳಕು'. ಕಥೆ ಎಂಬಲ್ಲಿ ಹೆಂಗಸಿನ ಹೆಸರು. ಚಿತ್ರಕಥೆ, ನಿರ್ದೇಶನ ಎಂಬಲ್ಲಿ ಗಂಡಸಿನದು. ತ್ರಿವೇಣಿಯವರಂತೂ 1963ರಲ್ಲೇ ತೀರಿಹೋದರು. 1967ರ 'ಬೆಳ್ಳಿಮೋಡ'ವನ್ನೂ ನೋಡಲಿಲ್ಲ. ನಾವು ದಾರ ಕೊಟ್ಟೆವು, ಅವರು ನೇಯ್ದರು. ಚೆನ್ನಾಗಿಯೇ ನೇಯ್ದರು ಅನ್ನಿ. ಆದರೆ ಮಗ್ಗದ ಮುಂದೆ ಕೂರುವುದು ನಮಗೆ ಅಭ್ಯಾಸವೇ ಆಗಲಿಲ್ಲ.

ವೈದೇಹಿಯವರ ಕಥೆ 2008ರಲ್ಲಿ ಗಿರೀಶ ಕಾಸರವಳ್ಳಿಯವರ ಕೈಯಲ್ಲಿ 'ಗುಲಾಬಿ ಟಾಕೀಸು' ಆದಾಗ, ಕಥೆಯಲ್ಲಿ ಊರಿಗೆ ಬಂದದ್ದು ಟಾಕೀಸು, ಸಿನಿಮಾದಲ್ಲಿ ಮನೆಗೆ ಬಂದದ್ದು ಡಿಶ್ ಆಂಟೆನಾದ ಟಿವಿ. ಅಷ್ಟು ದೊಡ್ಡ ಬದಲಾವಣೆ ಮಾಡುವ ಧೈರ್ಯ ಚಿತ್ರಕಥೆ ಬರೆಯುವವರಿಗೆ ಇರಬೇಕಾಗುತ್ತದೆ. ಉಮಾಶ್ರೀ ಅವರ ಗುಲಾಬಿಗೂ ಏನು ಬೇಕೆಂದು ನಮಗೆ ಥಟ್ಟನೆ ಗೊತ್ತಾಗುತ್ತದೆ. ಅವಳಿಗೆ ಸಿನಿಮಾ ಬೇಕು. ಹೆರಿಗೆಗೆ ಕರೆಯಲು ಬಂದವರನ್ನೂ ಕಾಯಿಸುವಷ್ಟು ಬೇಕು.

ಸರಿ, ಇವರೆಲ್ಲ ಬೇಕೆನ್ನುವವರು. ನನ್ನ ದೊಡ್ಡ ಸಾಕ್ಷಿ 'ಫಣಿಯಮ್ಮ'. ಬಾಲವಿಧವೆ, ತಲೆ ಬೋಳಿಸಿಕೊಂಡವಳು, ಒಂದು ದೊಡ್ಡ ಮನೆಯ ಚಾಕರಿಯಲ್ಲಿ ಇಡೀ ಆಯಸ್ಸು ಸವೆಸಿದವಳು. ಅವಳಿಗೆ ಏನು ಬೇಕಿತ್ತು, ಹೇಳಿ? ಪ್ರೇಮಾ ಕಾರಂತರ ಆ ಚಿತ್ರ ಬಂದದ್ದು 1983ರಲ್ಲಿ. ಅಲ್ಲಿ ಮಗ್ಗದ ಮುಂದೆ ಕೂತದ್ದು ಒಬ್ಬ ಹೆಂಗಸು ಎಂಬುದನ್ನು ಮರೆಯಬಾರದು. ಇನ್ನೊಂದು ವಿಷಯ, ಇಂದಿರಾ ಈ ಕಥೆಯನ್ನು ಕೇಳಿದ್ದು ತಮ್ಮ ತಾಯಿಯ ಬಾಯಲ್ಲಿ. ತಾಯಿ ಹೇಳಿದಳು, ಮಗಳು ಬರೆದಳು, ಇನ್ನೊಬ್ಬಳು ತೆರೆಗೆ ತಂದಳು.

ನಾನು ಜಂಬದಿಂದ ಆ ಕಾದಂಬರಿಯನ್ನು ತೆಗೆದು ಕೂತೆ. ಓದುತ್ತಾ ಹೋದ ಹಾಗೆ ಜಂಬ ಇಳಿಯಿತು. ಫಣಿಯಮ್ಮ ಏನನ್ನೂ ಕೇಳುವುದಿಲ್ಲ, ನಿಜ. ಆದರೆ ಅಸ್ಪೃಶ್ಯರೆಂದು ಊರು ದೂರ ಇಟ್ಟವರ ಮನೆಯಲ್ಲಿ ಹೆರಿಗೆ ಕಷ್ಟವಾದಾಗ ಮಡಿಯನ್ನು ಬದಿಗಿಟ್ಟು ಹೋಗುತ್ತಾಳೆ. ಮನೆಯಲ್ಲಿ ಇನ್ನೊಬ್ಬ ಎಳೆಯ ವಿಧವೆ ತಲೆ ಕೊಡಲಾರೆ ಎಂದು ನಿಂತಾಗ, ಎಲ್ಲರೂ ಅವಳ ಮೇಲೆ ಬಿದ್ದರೆ, ಈ ಬೋಳುತಲೆಯ ಮುದುಕಿ ಅವಳ ಪರವಾಗಿ ಮಾತಾಡುತ್ತಾಳೆ. ತನಗೆ ಯಾರೂ ಕೇಳದೆ ಮಾಡಿದ್ದು ಇನ್ನೊಬ್ಬಳಿಗೆ ಆಗಬಾರದು. ಇದು ಬೇಕಲ್ಲವೇ? ಇದಕ್ಕಿಂತ ದೊಡ್ಡ ಬೇಕು ಇದೆಯೇ? ಅಷ್ಟು ವರ್ಷ ಮೌನವಾಗಿದ್ದವಳು ಆ ಒಂದು ಮಾತಿಗಾಗಿಯೇ ಕಾದಿದ್ದಳೇನೋ ಅನ್ನಿಸುತ್ತದೆ. ಎಲ್.ವಿ. ಶಾರದಾ ಅವರ ಶಾಂತವಾದ ಮುಖದ ಹಿಂದೆ ಅದೆಲ್ಲ ಇತ್ತು. ನಾನು ಅಷ್ಟು ವರ್ಷ ಬರೀ ಶಾಂತಿಯನ್ನು ಮಾತ್ರ ನೋಡಿಕೊಂಡು ಬಂದಿದ್ದೆ.

ಇನ್ನು ಉಳಿದದ್ದು 'ತಿಥಿ'. ಈ ಸಾಕ್ಷಿಯನ್ನು ಕೊನೆಯ ಗಳಿಗೆಯಲ್ಲಿ ಹುಡುಕಿದೆ. ಅದನ್ನು ರಾಮ್ ರೆಡ್ಡಿಯವರ ಜೊತೆ ಬರೆದ ಈರೇಗೌಡರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನವರು, ರೆಡ್ಡಿಯವರ ಬೆಂಗಳೂರಿನ ಮನೆಗೆ ಕಾವಲು ಕೆಲಸಕ್ಕೆ ಬಂದವರು. 2015ರಲ್ಲಿ ಆ ಚಿತ್ರ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು ಬಂತು. ಉದಯೋನ್ಮುಖ ಎಂದರೆ ಅದು! ಅದರಲ್ಲಿ ಗಡ್ಡಪ್ಪ ಎಂಬ ಮುದುಕ ಇದ್ದಾನೆ. ಅಪ್ಪ ನೂರೊಂದು ವರ್ಷಕ್ಕೆ ಸತ್ತರೂ ಅವನಿಗೆ ಏನೂ ಅಲ್ಲ. ಜಮೀನು ಬೇಡ, ಹಣ ಬೇಡ, ಮಗ ಬೇಡ. ಒಂದು ಬಾಟಲಿ ಬ್ರಾಂದಿ ಸಾಕು, ಹೊಲದ ಬದುವಿನ ಮೇಲೆ ನಡೆಯುತ್ತಿರುತ್ತಾನೆ. ನೋಡಿ, ಏನೂ ಬೇಡದ ನಾಯಕ! ಲೊಕಾರ್ನೊದವರೇ ಒಪ್ಪಿದ್ದಾರೆ!

ಆದರೆ ಎರಡನೆಯ ಸಲ ನೋಡಿದಾಗ ಅದೂ ಕೈಕೊಟ್ಟಿತು. ಗಡ್ಡಪ್ಪನಿಗೆ ಏನೂ ಬೇಡ, ಆದ್ದರಿಂದಲೇ ಮಗ ತಮ್ಮಣ್ಣ ಬದುಕಿರುವ ಅಪ್ಪನಿಗೆ ಸಾವಿನ ಪತ್ರ ಮಾಡಿಸಲು ಹೊರಡುತ್ತಾನೆ. ಅಪ್ಪನ ಬೇಡ, ಮಗನ ಬೇಕು, ಎರಡೂ ಡಿಕ್ಕಿ ಹೊಡೆದು ಸಿನಿಮಾ ಹುಟ್ಟುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಒಂದು ರಾತ್ರಿ ಕುರಿಗಾಹಿಗಳ ಜೊತೆ ಕೂತು ಗಡ್ಡಪ್ಪ ತನ್ನ ಕಥೆ ಹೇಳುತ್ತಾನೆ. ತಾನು ಯಾಕೆ ಹೀಗೆ ಎಲ್ಲವನ್ನೂ ಬಿಟ್ಟವನಾದೆ ಎಂದು ಅವನ ಬಾಯಿಂದಲೇ ಬರುತ್ತದೆ. ಬೇಡ ಎಂಬುದು ಅವನಿಗೆ ಹುಟ್ಟುಗುಣವಲ್ಲ. ಅದಕ್ಕೊಂದು ಕಾರಣ ಇದೆ, ಗಾಯ ಇದೆ. ಬರೆದವರು ಆ ಮುದುಕನನ್ನು ಕೂರಿಸಿ ಕೇಳಿದ್ದಾರೆ. ನಾನು ನನ್ನ ನಾಯಕಿಯನ್ನು ಕೇಳಿರಲಿಲ್ಲ.

ಗಂಡಸು ಏನೂ ಬೇಡ ಎಂದರೆ ನಾವು ಕತ್ತೆತ್ತಿ ನೋಡುತ್ತೇವೆ, ಯಾಕಿರಬಹುದು ಎನ್ನುತ್ತೇವೆ, ಒಂದು ಸಿನಿಮಾವನ್ನೇ ಮಾಡುತ್ತೇವೆ. ಹೆಂಗಸು ಏನೂ ಬೇಡ ಎಂದರೆ ಇನ್ನೊಂದು ಲೋಟ ಕಾಫಿ ತರಲು ಹೇಳುತ್ತೇವೆ.

ಇಷ್ಟಾದ ಮೇಲೆ ಹಿಂದಿಯ 'ಲಾಪತಾ ಲೇಡೀಸ್' ನೋಡಿದೆ. ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ, 2024ರ ಮಾರ್ಚಿನಲ್ಲಿ ತೆರೆಗೆ ಬಂದದ್ದು. ಅದು ಹುಟ್ಟಿದ್ದೇ ಇಂಥ ಒಂದು ಸ್ಪರ್ಧೆಯಿಂದ. ಸಿನೆಸ್ತಾನ್ ಎಂಬ ಸಂಸ್ಥೆ ನಡೆಸಿದ ಚಿತ್ರಕಥಾ ಸ್ಪರ್ಧೆಗೆ ಬಿಪ್ಲಬ್ ಗೋಸ್ವಾಮಿ ಎಂಬುವರು 'ಟು ಬ್ರೈಡ್ಸ್' ಎಂದು ಬರೆದು ಕಳಿಸಿದ್ದರು. ಮೊದಲ ಬಹುಮಾನ 25 ಲಕ್ಷ ರೂಪಾಯಿ. 2018ರಲ್ಲಿ ಫಲಿತಾಂಶ ಬಂದಾಗ ಅದು ಅವರಿಗೆ ಸಿಗಲಿಲ್ಲ, ನಂತರದ ಸ್ಥಾನ ಸಿಕ್ಕಿತು. ಆದರೆ ತೀರ್ಪುಗಾರರಲ್ಲಿ ಒಬ್ಬರಾಗಿದ್ದ ಆಮಿರ್ ಖಾನ್ ಅದನ್ನು ಕೈಗೆತ್ತಿಕೊಂಡರು. ಕಿರಣ್ ರಾವ್ ನಿರ್ದೇಶಿಸಿದರು. ಗೋಸ್ವಾಮಿಯವರ ಕಥೆಗೆ ಹೊಸದಾಗಿ ಚಿತ್ರಕಥೆ, ಸಂಭಾಷಣೆ ಬರೆದವರು ಸ್ನೇಹಾ ದೇಸಾಯಿ. ನಮ್ಮ ಹಳೆಯ ಪಟ್ಟಿ ಇಲ್ಲಿ ತಲೆಕೆಳಗು: ಕಥೆ ಗಂಡಸಿನದು, ಚಿತ್ರಕಥೆ ಹೆಂಗಸಿನದು.

ಒಂದೇ ಥರದ ಸೆರಗು ಮುಚ್ಚಿಕೊಂಡ ಇಬ್ಬರು ಮದುವಣಗಿತ್ತಿಯರು ರೈಲಿನಲ್ಲಿ ಅದಲುಬದಲಾಗುತ್ತಾರೆ. ಜಯಾ ಎಂಬುವಳಿಗೆ ಏನು ಬೇಕೆಂದು ಖಚಿತವಾಗಿದೆ. ಅವಳಿಗೆ ಡೆಹ್ರಾಡೂನಿಗೆ ಹೋಗಿ ಸಾವಯವ ಕೃಷಿ ಓದಬೇಕು. ನನ್ನ ಟಿಪ್ಪಣಿ ಬರೆದವರಿಗೆ ಒಪ್ಪುವ ಹುಡುಗಿ. ಇನ್ನೊಬ್ಬಳು ಫೂಲ್. ಅವಳಿಗೆ ಗಂಡನ ಊರಿನ ಹೆಸರೂ ಸರಿಯಾಗಿ ಗೊತ್ತಿಲ್ಲ. ಏನು ಬೇಕೆಂದು ಕೇಳಿದರೆ ಗಂಡನ ಮನೆ ಎನ್ನುತ್ತಾಳೆ, ಅದೂ ಯಾರೋ ಹೇಳಿಕೊಟ್ಟ ಹಾಗೆ. ಬೇರೆ ಯಾರಾದರೂ ಆಗಿದ್ದರೆ ಫೂಲ್‌ಳನ್ನು ಪಕ್ಕಕ್ಕೆ ಸರಿಸಿ ಜಯಾಳದೇ ಸಿನಿಮಾ ಮಾಡುತ್ತಿದ್ದರು. ಇಲ್ಲಿ ಹಾಗೆ ಆಗಿಲ್ಲ. ಫೂಲ್ ರೈಲ್ವೆ ಪ್ಲಾಟ್‌ಫಾರಮ್ಮಿನ ಟೀ ಅಂಗಡಿಯಲ್ಲಿ ಉಳಿಯುತ್ತಾಳೆ. ಮಂಜು ಮಾಯಿ ಎಂಬ ಒರಟು ಹೆಂಗಸಿನ ಜೊತೆ ಪಾತ್ರೆ ತೊಳೆಯುತ್ತಾಳೆ, ಒಂದು ದಿನ ಕಲಾಕಂದ್ ಮಾಡುತ್ತಾಳೆ. ಅದು ಮಾರಾಟವಾಗುತ್ತದೆ. ಮೊದಲ ಸಲ ಕೈಗೆ ತನ್ನ ದುಡ್ಡು ಬರುತ್ತದೆ. ಆ ನೋಟು ಹಿಡಿದ ಮುಖದಲ್ಲಿ ಒಂದು ಬೇಕು ಹುಟ್ಟುವುದನ್ನು ನಾವು ಕಣ್ಣಾರೆ ನೋಡುತ್ತೇವೆ. ಭಾಷಣವಿಲ್ಲ, ಒಂದು ತಟ್ಟೆ ಸಿಹಿ, ಅಷ್ಟೆ. ಪೊಲೀಸ್ ಠಾಣೆಯ ಪ್ರಸಂಗ ಕೊನೆಗೆ ಎಲ್ಲರಿಗೂ ಒಳ್ಳೆಯದೇ ಆಗಿ ಮುಗಿಯುವುದು ನನಗೆ ಸ್ವಲ್ಪ ಸಕ್ಕರೆ ಹೆಚ್ಚಾದ ಹಾಗೆ ಅನ್ನಿಸಿತು. ಆದರೆ ಆ ಪ್ಲಾಟ್‌ಫಾರಮ್ಮಿನ ದೃಶ್ಯಗಳಿಗಾಗಿ ಇನ್ನೊಂದು ಸಲ ನೋಡಬಲ್ಲೆ.

ಹಾಗೆ ಎಲ್ಲ ಸಾಕ್ಷಿಗಳೂ ಎದುರು ಕಕ್ಷಿಗೆ ಸೇರಿದ ಮೇಲೆ ನನ್ನ 108 ಪುಟಗಳನ್ನು ಕೆಂಪು ಪೆನ್ನು ಹಿಡಿದು ಓದಿದೆ. 'ಅವಳು ಮನಸ್ಸಿನಲ್ಲೇ ನೋಯುತ್ತಾಳೆ' ಎಂಬುದನ್ನು ಹನ್ನೊಂದು ಕಡೆ ಬರೆದಿದ್ದೆ. ಕ್ಯಾಮೆರಾ ಇದನ್ನು ಹೇಗೆ ತೆಗೆಯಬೇಕು? ಕಾದಂಬರಿ ಓದಿ ಬೆಳೆದ ನಮಗೆ ಮನಸ್ಸಿನೊಳಗೆ ಹೊಕ್ಕು ಕೂರುವುದು ಸುಲಭ. ಹೊರಗೆ ನಿಂತು ಕೈ ಏನು ಮಾಡಿತು, ಕಣ್ಣು ಎತ್ತ ಹೊರಳಿತು ಎಂದು ಬರೆಯುವುದು ಬೇರೆ ವಿದ್ಯೆ. ಅದು ಕಲಿಯಬಹುದಾದದ್ದು, ಕಲಿತೇನು. ಆದರೆ ಇನ್ನೊಂದು ತಪ್ಪು ಕಲಿಕೆಗೆ ಸಂಬಂಧಿಸಿದ್ದಲ್ಲ. 108 ಪುಟಗಳಲ್ಲಿ ನನ್ನ ನಾಯಕಿಗೆ ಒಂದು ಆಸೆಯೂ ಇರಲಿಲ್ಲ, ಯಾಕೆಂದರೆ ಇದ್ದಿದ್ದರೆ ಅದನ್ನು ಯಾರು ತೆಗೆದುಕೊಂಡರು ಎಂಬ ಪ್ರಶ್ನೆ ಬರುತ್ತಿತ್ತು. ದೇವರಂಥವರು ಎಂದುಬಿಟ್ಟರೆ ಆ ಪ್ರಶ್ನೆ ಬರುವುದಿಲ್ಲ. ದೇವರಿಗೆ ನೈವೇದ್ಯ ತೋರಿಸಿ ನಾವೇ ತಿನ್ನುತ್ತೇವಲ್ಲ.

ಒಂದು ಮಧ್ಯಾಹ್ನ ಮನೆಯವರು ಇಲ್ಲದಾಗ ಅತ್ತಿಗೆಯ ಕೋಣೆಗೆ ಹೋದೆ. ಅವರಿಗೆ ಈಗ ಎಪ್ಪತ್ತನಾಲ್ಕು. ಹೇಗೆ ಕೇಳುವುದೆಂದು ತಿಳಿಯದೆ ಆ ಟಿಪ್ಪಣಿಯನ್ನೇ ಕನ್ನಡದಲ್ಲಿ ಹೇಳಿದೆ. ಹೀಗೆ ಒಂದು ಕಥೆ ಬರೆದೆ, ಅದರಲ್ಲಿ ನಿಮ್ಮಂಥವರೊಬ್ಬರಿದ್ದಾರೆ, ಅವರಿಗೆ ಏನು ಬೇಕಿತ್ತು ಅಂತ ಕೇಳುತ್ತಿದ್ದಾರೆ ಎಂದೆ. ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಯಾರು ಕೇಳ್ತಿರೋದು?' ಎಂದರು. ಬೊಂಬಾಯಿನವರು ಎಂದೆ. 'ಪರವಾಗಿಲ್ಲ, ಅಲ್ಲಿಂದಾದ್ರೂ ಕೇಳಿದ್ರಲ್ಲ' ಎಂದು ಎದ್ದು ಕಬ್ಬಿಣದ ಟ್ರಂಕಿನ ತಳದಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು.

ಒಳಗೆ ಒಂದು ಗೃಹನಿರ್ಮಾಣ ಸಂಘದ ರಸೀದಿಗಳು. 1979ರಿಂದ 1986ರವರೆಗೆ ಕಂತು ಕಟ್ಟಿದ್ದು. ಕೃಷ್ಣರಾಜಪುರದ ಆಚೆ ಇಪ್ಪತ್ತು ಮೂವತ್ತರ ಒಂದು ಸೈಟಿಗೆ. ಒಂದು ರಸೀದಿಯ ಹಿಂದೆ ಪೆನ್ಸಿಲಿನಲ್ಲಿ ಮನೆಯ ನಕ್ಷೆ. ಒಂದೇ ಕೋಣೆ, ಅಡಿಗೆಮನೆ, ಹಿತ್ತಲು. ಅಡಿಗೆಮನೆಯ ಕಿಟಕಿಯನ್ನು ರಸ್ತೆಯ ಕಡೆಗೆ ಬರೆದು, ಅದರ ಪಕ್ಕ 'ಬಸ್ಸು ಕಾಣಬೇಕು' ಎಂದು ಸಣ್ಣಗೆ ಬರೆದುಕೊಂಡಿದ್ದರು. 'ಬಸ್ಸಿಗೆ ಓಡೋದೇ ಆಗಿತ್ತಲ್ಲ, ಒಳಗಿಂದ್ಲೇ ನೋಡ್ಕೊಂಡು ನಿಧಾನಕ್ಕೆ ಹೋಗೋಣ ಅಂತ' ಎಂದರು.

ಸೈಟು ಏನಾಯಿತು ಎಂದು ನಾನು ಕೇಳಬೇಕಾಗಿರಲಿಲ್ಲ. ನಮ್ಮ ಮದುವೆಗೆ ಒಂದು ವರ್ಷ ಮೊದಲು, 1987ರಲ್ಲಿ, ಮನೆಯ ಮೇಲೊಂದು ಕೋಣೆ ಕಟ್ಟಿಸಿದ್ದರು. ಹೊಸ ದಂಪತಿಗೆ ಬೇಕಲ್ಲ. ಮಾವ ಒಂದು ಕಾಗದ ತಂದು ಇಲ್ಲಿ ಸಹಿ ಹಾಕು ಎಂದರಂತೆ, ಹಾಕಿದರಂತೆ. ಸಂಘದಿಂದ ಹಣ ವಾಪಸ್ಸು ಪಡೆಯುವ ಅರ್ಜಿ ಅದು. ನಾನು ಈ ಬರಹವನ್ನು ಬರೆಯುತ್ತಿರುವುದು ಆ ಕೋಣೆಯಲ್ಲೇ.

ಆ ಕಿಟಕಿ ಸಿನಿಮಾ. ಅದನ್ನು ಕ್ಯಾಮೆರಾ ತೆಗೆಯಬಲ್ಲದು. ಪೆನ್ಸಿಲ್ ಗೆರೆಯ ಕಿಟಕಿ, ಆಮೇಲೆ ಮೇಲಿನ ಕೋಣೆಯ ಗಾರೆ, ಆಮೇಲೆ ಹಳೇ ಮದರಾಸು ರಸ್ತೆಯಲ್ಲಿ ಬಸ್ಸಿಗೆ ಓಡುವ ಹೆಂಗಸು. ಒಂದು ಮಾತೂ ಬೇಡ. ಎರಡನೆಯ ಸಲದ ಬರವಣಿಗೆ ನಾನು ಅಂದುಕೊಂಡದ್ದಕ್ಕಿಂತ ಬೇಗ ಆಯಿತು. ಲಾಗ್‌ಲೈನನ್ನು ಹೊಡೆದುಹಾಕಿದೆ, ಆ ಜಾಣ ವಾಕ್ಯದಲ್ಲಿ ಫೋನು ಬರಲಿಲ್ಲ ಎಂಬ ಕನಿಕರ ಇತ್ತೇ ಹೊರತು ಅತ್ತಿಗೆ ಇರಲಿಲ್ಲ. ಮನೆಯವರಿಗೆ ಈ ಪ್ರತಿಯನ್ನು ಓದಲು ಕೊಟ್ಟು ಎರಡು ವಾರವಾಯಿತು. ಇನ್ನೂ ಏನೂ ಹೇಳಿಲ್ಲ. ಟೇಬಲ್ಲಿನ ಮೇಲಿದ್ದದ್ದನ್ನು ಎತ್ತಿ ಬೀರುವಿನೊಳಗೆ ಇಟ್ಟಿದ್ದಾರೆ.

ಈ ವರ್ಷದ ಸ್ಪರ್ಧೆಯ ಫಾರಂ ಬಂದಿದೆ. ಅದರಲ್ಲೊಂದು ಕಾಲಂ ಇದೆ, ಮೂಲ ಕಥೆ ಬೇರೆಯವರದಾಗಿದ್ದರೆ ಅವರ ಹೆಸರು, ಒಪ್ಪಿಗೆಯ ಸಹಿ. ಹೋದ ಸಲ ಅಲ್ಲಿ ಒಂದು ಗೆರೆ ಎಳೆದಿದ್ದೆ. ಈ ಸಲ ಅತ್ತಿಗೆಯ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು, ಓದಲು ಬಾರದ ಆ ಎರಡು ಪುಟವನ್ನು ತಿರುವಿ ಮುರುವಿ ನೋಡಿದರು.

'ಗೆದ್ರೆ ದುಡ್ಡು ಯಾರ ಹೆಸರಿಗೆ ಬರತ್ತೆ?'

'ಬರೆದವರ ಹೆಸರಿಗೆ' ಎಂದೆ, ಆಮೇಲೆ ನಾಲಿಗೆ ಕಚ್ಚಿಕೊಂಡು, 'ಇಬ್ಬರಿಗೂ ಅಂತ ಬರೆಯೋಣ' ಎಂದೆ.

'ಅದೆಲ್ಲ ಇದ್ರಲ್ಲಿ ಬರ್ದಿದ್ಯಾ?'

ಕೆಲವು ಇದೆ, ಕೆಲವು ಇಲ್ಲ ಎಂದೆ.

ಅತ್ತಿಗೆ ಫಾರಂ ಮಡಿಸಿ ನನ್ನ ಕೈಗೇ ಕೊಟ್ಟರು. 'ಓದದೆ ಒಂದ್ಸಲ ಸೈನ್ ಹಾಕಿದೀನಿ. ಇದನ್ನ ಕನ್ನಡದಲ್ಲಿ ಬರ್ಕೊಂಡ್ ಬಾ, ಆಮೇಲೆ ನೋಡೋಣ.'

ಈಗ ಅದನ್ನೇ ಮಾಡುತ್ತಿದ್ದೇನೆ. ಒಂದೂವರೆ ಪುಟ ಆಗಿದೆ. ಕೊನೆಯ ದಿನಾಂಕಕ್ಕೆ ಇನ್ನು ಹನ್ನೊಂದು ದಿನ ಉಳಿದಿದೆ.